ಒಂಬತ್ತನೇ ಪ್ರಶ್ನೆ

ಗಂಡ ಸತ್ತ ಮೂವತ್ತನಾಲ್ಕನೇ ದಿನ ಅವನ ಫೈಲು ಅವಳ ಮೇಜಿಗೇ ಬಂತು. ಬರಲೇಬೇಕಿತ್ತು. ನಾಲ್ಕು ಸಾವಿರ ಜನರ ಹೃದಯದ ಹಿಂದೆ ಹನ್ನೆರಡು ವರ್ಷದಿಂದ ಬಿದ್ದಿದ್ದ ಆ ಸಂಶೋಧನೆಯಲ್ಲಿ ಯಾರು ತೀರಿಕೊಂಡರೂ ಕಾಗದ ಜೋಡಿಸುವವಳು ಅವಳೇ. ಮನೆಯವರಿಗೆ ಫೋನ್ ಮಾಡಿ ಹದಿನಾಲ್ಕು ಪ್ರಶ್ನೆ ಕೇಳಬೇಕು, ಹೆಸರು ವಿಳಾಸದ ಮೇಲೆ ಕಪ್ಪು ಮಾರ್ಕರ್ ಎಳೆಯಬೇಕು, ಮೂವರು ಡಾಕ್ಟರರ ಸಮಿತಿಗೆ ಕಳಿಸಬೇಕು. ಅದು ಹೃದಯದಿಂದಾದ ಸಾವೋ ಅಲ್ಲವೋ ಎಂದು ತೀರ್ಮಾನಿಸುವುದು ಅವರ ಕೆಲಸ.

ಗಂಡನನ್ನು ಇದಕ್ಕೆ ಸೇರಿಸಿದ್ದೂ ಅವಳೇ. "ನಿನ್ನ ಲೆಕ್ಕಕ್ಕೆ ತಲೆ ಕಮ್ಮಿ ಬಿದ್ರೆ ನಂದೂ ಬರ್ಕೋ," ಎಂದು ನಗುತ್ತ ಸಹಿ ಹಾಕಿದ್ದ. ಆ ಸಹಿ ಈಗ ಮೊದಲ ಪುಟದಲ್ಲಿತ್ತು. ನೋಡಿದಳು. ಏನೂ ಆಗಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ಕೆನ್ನೆ ಮರಗಟ್ಟಿರುತ್ತದಲ್ಲ, ಈ ಒಂದು ತಿಂಗಳು ಅವಳು ಪೂರ್ತಿ ಹಾಗೇ ಇದ್ದಳು. ಮುಟ್ಟಿದರೆ ಗೊತ್ತಾಗುತ್ತಿತ್ತು, ತನ್ನದೆನಿಸುತ್ತಿರಲಿಲ್ಲ.

ಪಕ್ಕದ ಮೇಜಿನ ಹುಡುಗಿ ಎದ್ದು ಬಂದಳು. ತಾನೇ ಕೆಲಸ ಕಲಿಸಿದ್ದ ಹುಡುಗಿ. ಕಲಿಸಿದ್ದನ್ನು ಅಕ್ಷರ ಬಿಡದೆ ಒಪ್ಪಿಸುತ್ತಾಳೆಂದು ಎಲ್ಲರೂ ಗಿಣಿ ಅನ್ನುತ್ತಿದ್ದರು.

"ಅಕ್ಕ, ನಿಮ್ಮ ಮನೆಯವರ ಫೈಲು ನೀವು ಮಾಡೋ ಹಾಗಿಲ್ಲ. ರೂಲ್ಸ್ ಬರ್ದಿದ್ದು ನೀವೇ."

"ಹಾಗಾದ್ರೆ ನೀನು ಕೇಳು. ಫೋನಲ್ಲಿ."

"ಇಲ್ಲೇ ಇದ್ದೀರಲ್ಲ!"

"ಮುಖ ನೋಡ್ಕೊಂಡು ಕೇಳಿದ್ರೆ ಉತ್ತರ ಬದಲಾಗುತ್ತೆ."

"ಅಯ್ಯೋ ದೇವ್ರೇ, ನಡುವೆ ಒಂದು ಗೋಡೆಗೆ ಫೋನಾ," ಎನ್ನುತ್ತ ಗಿಣಿ ಪಕ್ಕದ ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಫೋನು ಬಡಿದುಕೊಂಡಿತು.

"ನಮಸ್ಕಾರ. ನಿಮ್ಮ ಯಜಮಾನರು ತೀರಿಕೊಂಡ ವಿಷಯ ತಿಳಿದು ಬೇಸರವಾಯ್ತು."

ಅದು ಅವಳೇ ಬರೆದಿದ್ದ ಮಾತು. ಇಷ್ಟು ಬೋಳಾಗಿದೆ ಎಂದು ಕೇಳಿಸಿಕೊಳ್ಳುವವರೆಗೆ ಗೊತ್ತಿರಲಿಲ್ಲ.

ಸಿಗರೇಟು ಸೇದುತ್ತಿದ್ದರೇ? ಇಲ್ಲ. ಸಕ್ಕರೆ ಕಾಯಿಲೆ? ಇಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿತ್ತೇ?

"ಲಿಫ್ಟ್ ಕೆಟ್ಟಾಗ ಮಾತ್ರ ಮೆಟ್ಟಿಲು ಹತ್ತೋವ್ರು. ಆಗ ಬೈಗುಳ ಬರ್ತಿತ್ತು."

ಗಿಣಿಯ ನಗು ಫೋನಿನಲ್ಲೂ ಗೋಡೆಯಲ್ಲೂ ಕೇಳಿಸಿತು. "ಅಕ್ಕ, ಇದನ್ನ ಹೇಗೆ ಬರೀಲಿ?"

"ಏದುಸಿರು ಇಲ್ಲ ಅಂತ ಬರಿ."

"ಒಂಬತ್ತನೇ ಪ್ರಶ್ನೆ." ಗಿಣಿಯ ದನಿ ತಗ್ಗಿತು. "ಕೊನೆಯ ಇಪ್ಪತ್ತನಾಲ್ಕು ಗಂಟೆಯಲ್ಲಿ ಎದೆ, ತೋಳು ಅಥವಾ ದವಡೆಯಲ್ಲಿ ನೋವು ಅಂತ ಹೇಳಿದ್ರಾ?"

ಈ ಪ್ರಶ್ನೆಯನ್ನು ಅವಳು ನೂರಾರು ಮನೆಗೆ ಕೇಳಿದ್ದಳು. ಹೆಚ್ಚಿನವರದು ಒಂದೇ ಮಾತು: ಏನಿಲ್ಲ, ಚೆನ್ನಾಗಿದ್ರು. ಅದಕ್ಕೇ ಅಲ್ಲಿ ಸೂಚನೆಯೊಂದನ್ನು ಸೇರಿಸಿದ್ದಳು: ಮೌನವಾದರೆ ಮನಸ್ಸಲ್ಲೇ ಹತ್ತರವರೆಗೆ ಎಣಿಸಿ, ನಡುವೆ ಬಾಯಿ ಹಾಕಬೇಡಿ. ಹೇಳುವುದಿದ್ದವರು ಏಳು ದಾಟಿದ ಮೇಲೆ ಹೇಳುತ್ತಾರೆ.

ಗೋಡೆಯಾಚೆ ಗಿಣಿ ಎಣಿಸುತ್ತಿದ್ದಾಳೆ. ಒಂದು. ಎರಡು.

ಇಲ್ಲ ಅಂದುಬಿಟ್ಟರೆ ಕಾರಣ ತಿಳಿಯದ ಸಾವು ಎಂದು ಸಮಿತಿ ಬರೆದು ಮುಗಿಸುತ್ತದೆ. ಅತ್ತೆಗೂ ಅದನ್ನೇ ಹೇಳಿಯಾಗಿತ್ತು. ತಟ್ಟೆಯ ಮುಂದೆ ಕೂತಾಗಲೆಲ್ಲ ಅತ್ತೆ ಕೇಳುತ್ತಿದ್ದರು, "ಏನೂ ಹೇಳ್ಲಿಲ್ವೇನೇ ಅವನು?" ಇಲ್ಲ ಅತ್ತೆ. ಆ ಮನೆಯಲ್ಲಿ ಈಗ ಉಳಿದಿದ್ದವರು ಅವರಿಬ್ಬರೇ. ಇನ್ನು ಎಷ್ಟು ವರ್ಷ ಒಬ್ಬರಿಗೊಬ್ಬರು ಬಡಿಸಿಕೊಳ್ಳಬೇಕೋ.

ಐದು. ಆರು.

ಅವತ್ತು ಬೆಳಿಗ್ಗೆ ಅವನು ಕನ್ನಡಿಯ ಮುಂದೆ ಗಲ್ಲ ಒತ್ತಿಕೊಳ್ಳುತ್ತಿದ್ದ. ದವಡೆ ಹಿಡ್ಕೊಂಡಂಗಿದೆ ಕಣೇ, ಅಂದ. ಹಲ್ಲಿನ ಡಾಕ್ಟರ್ ಹತ್ರ ಹೋಗಿ ಅಂತ ಎಷ್ಟು ಸಲ ಬಡ್ಕೊಂಡೆ, ಅಂದಳು ಅವಳು. ನೋವಿನ ಮಾತ್ರೆ ಮೇಜಿನ ಮೇಲಿಟ್ಟು ಬಸ್ಸು ಹಿಡಿದಳು. ಆ ದಿನ ಒಂಬತ್ತನೇ ಪ್ರಶ್ನೆಯನ್ನು ಎರಡು ಮನೆಗೆ ಕೇಳಿದಳು, ದವಡೆ ಎಂಬ ಪದ ಒಂದು ಸಲವೂ ತಪ್ಪದ ಹಾಗೆ. ಸಂಜೆ ಮನೆಗೆ ಬಂದಾಗ ಮಾತ್ರೆ ಇಟ್ಟಲ್ಲೇ ಇತ್ತು.

ಎಂಟು.

"ಹೌದು," ಅಂದಳು. "ದವಡೆ. ಬೆಳಿಗ್ಗೆ ಏಳೂವರೆಗೆ. ಹೆಂಡತಿಗೆ ಹೇಳಿದ್ರು. ಹೆಂಡತಿ ಹಲ್ಲುನೋವು ಅಂದುಕೊಂಡ್ಲು. ಹಾಗೇ ಬರಿ."

ಗಿಣಿ ಬರೆದುಕೊಂಡಳು. ಆಮೇಲೆ, ಕಲಿಸಿದ ಹಾಗೇ, ಹತ್ತನೇ ಪ್ರಶ್ನೆ ಕೇಳಿದಳು.

ಹಾಳೆ ತಂದಿಟ್ಟಾಗ ಹುಡುಗಿಯ ಮೂಗು ಕೆಂಪಾಗಿತ್ತು. ಮಾರ್ಕರ್ ಹಿಡಿದರೂ ಎಳೆಯಲಾಗಲಿಲ್ಲ. ಹುಡುಗಿಯ ಕೈಯಿಂದ ಅವಳೇ ತೆಗೆದುಕೊಂಡು ಅವನ ಹೆಸರಿನ ಮೇಲೆ ನೇರವಾಗಿ ಗೆರೆ ಎಳೆದಳು, ಬೆಳಕಿಗೆ ಹಿಡಿದು ನೋಡಿ ಇನ್ನೊಂದು ಸಲ ಎಳೆದಳು. ಕೆಳಗೆ, ಮಾಹಿತಿ ಕೊಟ್ಟವರು: ಹೆಂಡತಿ. ಸಂಬಂಧವನ್ನು ಅಳಿಸುವ ಹಾಗಿಲ್ಲ.

ಆಮೇಲೆ ಮನೆಗೆ ಫೋನ್ ಮಾಡಿದಳು.

"ಅತ್ತೆ, ಅವತ್ತು ಬೆಳಿಗ್ಗೆ ದವಡೆ ನೋವು ಅಂದಿದ್ರು ಇವ್ರು. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ."

ಆ ಕಡೆ ಟೀವಿಯ ಸದ್ದು. ಅವಳು ಎಣಿಸತೊಡಗಿದಳು. ಹತ್ತು ದಾಟಿತು. ಹತ್ತಾದ ಮೇಲೆ ಏನು ಮಾಡಬೇಕೆಂದು ಅವಳು ಎಲ್ಲೂ ಬರೆದಿರಲಿಲ್ಲ. ಮೂವತ್ತೊಂದಕ್ಕೆ ಟೀವಿ ನಿಂತಿತು.

"ಸಂಜೆ ಬಾ," ಎಂದರು ಅತ್ತೆ. "ಕೂತು ಮೊದಲಿಂದ ಹೇಳು."