ಬಲಗಡೆಯ ಹರಕು

ಅಲಮಾರಿಯ ಕನ್ನಡಿಗೆ ಹಳೆಯ ದುಪ್ಪಟಿ ಹೊದಿಸಿ ಬ್ರೈನಾ ಮೇಲಿನ ಗಂಟು ಬಿಗಿಯುತ್ತಿದ್ದಳು. ಸಾವಾದ ಯಹೂದಿ ಮನೆಯಲ್ಲಿ ಯಾರೂ ತಮ್ಮ ಮುಖ ತಾವು ನೋಡಿಕೊಳ್ಳಬಾರದು. ಎಳೆದ ರಭಸಕ್ಕೆ ಅಲಮಾರಿಯ ಬಾಗಿಲೇ ತೆರೆದುಕೊಂಡು, ಒಳಗೆ ತೂಗುಹಾಕಿದ್ದ ಕರಿಯ ಕೋಟು ಅವಳ ಕೆನ್ನೆಗೆ ತಾಕಿತು. ಗಂಡ ಲೈಜರನ ಕೋಟು. ಬಲಗಡೆಯ ಎದೆಯ ಮೇಲೆ ಅವಳೇ ಹಾಕಿದ್ದ ಕಚ್ಚಾ ಹೊಲಿಗೆ ಹಾಗೇ ಇತ್ತು.

"ಅತ್ತಿಗೆ, ಮುಚ್ಚಿ ಅದನ್ನ. ಗಾಡಿ ಬಂತು," ಎಂದಳು ನಾದಿನಿ ಡೋಬಾ, ಹೊಸ್ತಿಲಲ್ಲೇ ನಿಂತು.

"ಡೋಬಾ, ಝೆಲ್ಡಾಗೆ ಒಂದು ಮಾತು ತಿಳಿಸೋಣ್ವಾ?"

ಡೋಬಾ ಕೈಚೀಲದ ಕೊಂಡಿಯನ್ನು ಟಕ್ಕೆಂದು ಹಾಕಿದಳು. "ಸತ್ತೋಳಿಗೆ ಸತ್ತೋನ ಸುದ್ದಿ ಯಾಕೆ? ಅಣ್ಣ ಇನ್ನೂ ಕೆಳಗಿನ ಕೋಣೇಲಿ ಮಲಗಿದಾನೆ. ಮಣ್ಣಾದ್ರೂ ಆಗ್ಲಿ, ಆಮೇಲೆ ಅವನ ಮಾತು ಮೀರೋರಂತೆ."

ಬ್ರೈನಾ ಅಲಮಾರಿ ಮುಚ್ಚಿದಳು. ಈ ಮನೆಯಲ್ಲಿ ಅವಳು ಕಲಿತದ್ದೇ ಮುಚ್ಚುವುದನ್ನು.

*

ಮಗಳು ಝೆಲ್ಡಾ ಕಾರ್ಡಿಫಿನಲ್ಲಿ ಬಸ್ಸು ಓಡಿಸುವ ಒಬ್ಬ ಕ್ರೈಸ್ತರ ಹುಡುಗನನ್ನು ಮದುವೆಯಾದ ಸುದ್ದಿ ಬಂದ ದಿನ ಲೈಜರ್ ಕೂಗಾಡಲಿಲ್ಲ. ಅಡುಗೆಮನೆಯಿಂದ ಚಾಕು ತಂದ, ಕೋಟಿನ ಬಲಗಡೆ ಕಚ್ಚು ಹಾಕಿದ, ಎರಡೂ ಕೈಯಿಂದ ಸರ್ರನೆ ಹರಿದ.

ಹೆತ್ತವರು ಸತ್ತರೆ ಹರಿದುಕೊಳ್ಳುವುದು ಎಡಗಡೆ, ಗುಂಡಿಗೆಯ ಮೇಲೆ. ಆ ಹರಕನ್ನು ಸಾಯುವತನಕ ಪೂರಾ ಕೂಡಿಸುವಂತಿಲ್ಲ. ಗಂಡ, ಹೆಂಡತಿ, ಮಕ್ಕಳಿಗಾದರೆ ಬಲಗಡೆ. ತಿಂಗಳು ಕಳೆದ ಮೇಲೆ ಅದನ್ನು ಹೊಲಿದುಕೊಂಡರೆ ತಪ್ಪಿಲ್ಲ.

ಏಳು ದಿನ ಅವನು ಗಿಡ್ಡ ಮಣೆಯ ಮೇಲೆ ಸೂತಕ ಕೂತ. ಅವರಿದ್ದ ವೈಟ್‌ಚಾಪೆಲಿನ ಅರ್ಧ ಬೀದಿ ಬಂದು ತಲೆಯಾಡಿಸಿ ಹೋಯಿತು. ನೆರೆಯವರು ಸೂತಕದ ಊಟಕ್ಕೆ ಬೇಯಿಸಿದ ಮೊಟ್ಟೆ ತಂದರು. ಅತ್ತ ಝೆಲ್ಡಾ ಹೊಸ ಮನೆಯ ಕಿಟಕಿಗೆ ಪರದೆ ಆರಿಸುತ್ತಿದ್ದ ವಾರ, ಇತ್ತ ಬ್ರೈನಾ ಅವಳ ಸಾವಿನ ಮೊಟ್ಟೆ ಸುಲಿದು ತಿಂದಳು.

ಮುಂದೆ ಒಂದು ದಿನ, ಹೆಣ್ಣುಮಗು ಹುಟ್ಟಿದೆ ಎಂದು ಝೆಲ್ಡಾ ಬರೆದಳು. ಬ್ರೈನಾ ಲಕೋಟೆಗೆ ವಿಳಾಸ ಬರೆದು, ಅಂಚೆಚೀಟಿ ಅಂಟಿಸಿ, ಹಾಳೆಯ ಮೇಲೆ 'ನನ್ನ ಝೆಲ್ಡಾ' ಎಂದು ಬರೆದಿದ್ದಳಷ್ಟೆ.

"ಯಾರಿಗೆ ಅದು?" ಎಂದ ಲೈಜರ್, ಚಹಾ ಕಲಕುತ್ತ. "ಸ್ಮಶಾನಕ್ಕೆ ಅಂಚೆಯವನು ಹೋಗಲ್ಲ ಬ್ರೈನಾ."

ಹಾಳೆಯೂ ಲಕೋಟೆಯೂ ಸೂಜಿ ದಾರ ಇಡುವ ಗುಂಡಿ ಡಬ್ಬಿಯ ತಳ ಸೇರಿದವು.

*

ಸ್ಮಶಾನದ ಬಾಗಿಲ ಕೋಣೆಯಲ್ಲಿ ಶವಸಂಸ್ಕಾರ ಸಂಘದ ಹಿರಿಯರು ಸಣ್ಣ ಚಾಕು ಹಿಡಿದು ನಿಂತಿದ್ದರು. ಬ್ರೈನಾಳ ಬಲಗಡೆಗೆ ಕಚ್ಚು ಹಾಕಿದರು; ಹರಿದುಕೊಂಡಳು.

"ಮಕ್ಕಳು?"

"ಒಬ್ಬನೇ," ಎಂದಳು ಡೋಬಾ.

ಬ್ರೈನಾ ಬಾಯಿ ತೆರೆದಳು. ಅಷ್ಟರಲ್ಲಿ ಮಗ ಹೆಶಲ್ ಮುಂದೆ ಬಂದು ಎಡಗಡೆಯ ಎದೆಯೊಡ್ಡಿದ್ದ. ಬಟ್ಟೆ ಸರ್ರನೆ ಹರಿಯಿತು.

ಮಣ್ಣು ಹಾಕಿ ಮುಗಿಸಿದವರು ಗುದ್ದಲಿಯನ್ನು ಮುಂದಿನವರ ಕೈಗೆ ಕೊಡದೆ ನೆಲಕ್ಕೆ ಚುಚ್ಚಿ ಸರಿಯುತ್ತಿದ್ದರು. ದುಃಖ ಕೈಯಿಂದ ಕೈಗೆ ದಾಟಬಾರದು ನೋಡಿ. ಲೈಜರ್ ಪಾತ್ರ ಮಾಡುತ್ತಿದ್ದ ನಾಟಕ ಕಂಪನಿಯ ಹಾಸ್ಯಗಾರ ಮೊಟ್ಕೆ ತನ್ನ ಪಾಳಿ ಮುಗಿಸಿ ಬ್ರೈನಾಳ ಪಕ್ಕ ಬಂದ.

"ಎಂಥಾ ಅಪ್ಪ ಅವನು! ಕೊನೇ ಅಂಕದಲ್ಲಿ ಬಾಗಿಲು ತೆಗೆದು 'ಬಾ ಮಗಳೇ' ಅಂತಿದ್ದಾಗ ಗ್ಯಾಲರಿಲಿ ಮೀನು ಮಾರೋರೂ ಅಳ್ತಿದ್ರು. ಪರದೆ ಹಿಂದೆ ಬ್ರೆಡ್ಡು ತಿಂತಿದ್ದ ನಂಗೆ ಉಪ್ಪೇ ಬೇಕಿರ್ಲಿಲ್ಲ ಕಣಮ್ಮ, ಕಣ್ಣೀರೇ ಸಾಕಾಗಿತ್ತು."

ಊರಿಗೆ ಉಪಕಾರಿ, ಅಂದುಕೊಂಡಳು ಬ್ರೈನಾ. ಉಳಿದರ್ಧವನ್ನು ನುಂಗಿದಳು.

*

ಅಜ್ಜಂದಿರ ಕಾಲದ ನಾಟಕ ಅದು. ಮತ ಬಿಟ್ಟು ಮದುವೆಯಾದ ಮಗಳಿಗೆ ಸೂತಕ ಕೂತ ಅಪ್ಪ ಕಡೆಗೆ ಮನಸ್ಸು ಕರಗಿ ಬಾಗಿಲು ತೆರೆಯುತ್ತಾನೆ. ಯುದ್ಧ ಮುಗಿದು, ನಮ್ಮ ಯಹೂದಿ ಭಾಷೆ ಆಡುವವರಲ್ಲಿ ಬಹುಪಾಲು ಜನ ಅಳಿದುಹೋದ ಮೇಲೆ, ಕಂಪನಿಯವರು ಅದನ್ನು ಮತ್ತೆ ರಂಗಕ್ಕೆ ತಂದರು. ಅಪ್ಪನ ಪಾತ್ರ ಲೈಜರನಿಗೆ.

"ಹೊಸ ಕೋಟು ಯಾಕೆ?" ಎಂದ ಅವನು. "ಹರಿದದ್ದು ಮನೇಲೇ ಇದೆ."

ಉಡುಪಿನ ಕೆಲಸ ಬ್ರೈನಾಳದು. ಅವನು ರಂಗದ ಮೇಲೆ ಹರಿಯುವನು. ಇವಳು ಮರುದಿನ ಕೂತು, ಮತ್ತೆ ಹರಿಯಲು ಬರುವ ಹಾಗೆ ಸಡಿಲವಾಗಿ ಹೊಲಿಯುವಳು. ಹೀಗೆ ಆ ಇಡೀ ಚಳಿಗಾಲ ಝೆಲ್ಡಾ ಸಾಯುತ್ತಲೇ ಇದ್ದಳು. ಜನ ದುಡ್ಡು ಕೊಟ್ಟು ನೋಡುತ್ತಲೇ ಇದ್ದರು.

ಒಂದು ದಿನ ಆಟ ಮುಗಿದ ಮೇಲೆ ಹಿಂಬಾಗಿಲಲ್ಲಿ ಝೆಲ್ಡಾ ನಿಂತಿದ್ದಳು, ಪುಟ್ಟ ಹುಡುಗಿಯ ಕೈ ಹಿಡಿದು. ಗ್ಯಾಲರಿಯಲ್ಲಿ ಕೂತು ನಾಟಕ ನೋಡಿದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಅಪ್ಪಾ," ಎಂದಳು. "ಬಾಗಿಲು ತೆಗೆದ್ಯಲ್ಲ, ನೋಡ್ದೆ. ಅದಕ್ಕೇ ಬಂದೆ."

ಲೈಜರನ ಕೆನ್ನೆಯ ಬಣ್ಣದ ಮೇಲೆ ಕಣ್ಣೀರಿನ ಗೆರೆ ಇನ್ನೂ ಆರಿರಲಿಲ್ಲ. "ತಪ್ಪು ಬಾಗಿಲಿಗೆ ಬಂದಿದ್ದೀಯಮ್ಮ," ಎಂದು ದಾಟಿ ಹೋದ.

ಬ್ರೈನಾ ಹಿಂದೆಯೇ, ಹೊಸ್ತಿಲ ಒಳಗೆ ನಿಂತಿದ್ದಳು. ಹುಡುಗಿ ಅವಳನ್ನೇ ನೋಡುತ್ತಿತ್ತು. ಎರಡೂ ಕೈಯಲ್ಲಿ ಕೋಟಿತ್ತು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಕೋಟೇನು ಕಲ್ಲಿನದಾಗಿರಲಿಲ್ಲ.

ಬೀದಿಯ ತಿರುವಿನಲ್ಲಿ ಲೈಜರ್ ಅವಳಿಗಾಗಿ ಕಾದು ನಿಂತಿದ್ದ. "ಇವತ್ತು ಕೋಟು ತೀರಾ ಬೇಗ ಹರೀತು. ನಾಳೆ ಒಂಚೂರು ಬಿಗಿಯಾಗಿ ಹಾಕು."

*

ಮನೆಗೆ ಮರಳಿದ ಮೇಲೆ ಬ್ರೈನಾ ಚರ್ಮದ ಬೂಟು ಕಳಚಿ, ಬಟ್ಟೆಯ ಚಪ್ಪಲಿ ಮೆಟ್ಟಿ, ಗಿಡ್ಡ ಮಣೆಯ ಮೇಲೆ ಕೂತಳು. ನೆರೆಯವರು ತಂದ ಮೊಟ್ಟೆ ತಟ್ಟೆಯಲ್ಲಿತ್ತು. ಮುಟ್ಟಲಿಲ್ಲ.

ಮೊಟ್ಕೆ ಟೋಪಿ ತಿರುಗಿಸುತ್ತ ಬಂದ. "ಈ ಚಳಿಗಾಲಕ್ಕೆ ಅದೇ ನಾಟಕ ಮತ್ತೆ ಎತ್ತುತೀವಿ, ಅವನ ನೆನಪಿಗೆ. ಆ ಕೋಟು ಕೊಡ್ತೀಯಾ ಬ್ರೈನಾ? ನಾಟಕದ ಅರ್ಧ ಜೀವ ಅದರಲ್ಲೇ ಇದೆ."

"ಕೊಡ್ತೀನಿ. ಇರು."

ಅವಳು ಎದ್ದು ಕೋಟು ತಂದಳು, ಗುಂಡಿ ಡಬ್ಬಿ ತಂದಳು. ಕಚ್ಚಾ ಹೊಲಿಗೆಯ ದಾರವನ್ನು ಹಲ್ಲಿನಿಂದ ಕಡಿದು ಉಗಿದಳು. ದಪ್ಪ ದಾರ ಎರಡೆಳೆ ಪೋಣಿಸಿ, ಹರಕಿನ ಎರಡೂ ಅಂಚು ಸೇರಿಸಿ, ಗಟ್ಟಿ ಹೊಲಿಗೆ ಹಾಕತೊಡಗಿದಳು.

"ಸೂತಕದಲ್ಲಿ ಸೂಜಿ ಹಿಡೀತೀರಾ ಅತ್ತಿಗೆ!" ಡೋಬಾ ಕೂಗಿದಳು. "ಜನ ನೋಡ್ತಿದಾರೆ!"

"ನೋಡ್ಲಿ ಬಿಡು. ನಮ್ಮನೆ ಆಟ ನೋಡಿ ಅವರಿಗೆ ಅಭ್ಯಾಸ ಇದೆ."

ಕೊನೆಯ ಗಂಟು ಹಾಕಿ ಅವಳು ಕೋಟನ್ನು ಮೊಟ್ಕೆಯ ತೋಳ ಮೇಲೆ ಇಟ್ಟಳು. "ತಗೋ. ಇದು ಇನ್ನು ಹರಿಯಲ್ಲ."

ಮೊಟ್ಕೆ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದ.

ಡಬ್ಬಿಯ ತಳದಿಂದ ಹಾಳೆ, ಲಕೋಟೆ ತೆಗೆದಳು. ಹಳದಿಗಟ್ಟಿದ್ದವು. ಹೆಶಲ್ ಜೇಬಿನ ಪೆನ್ನು ಕೊಟ್ಟ. 'ನನ್ನ ಝೆಲ್ಡಾ' ಎಂಬುದರ ಕೆಳಗೆ ಬ್ರೈನಾ ಬರೆದಳು: 'ನಿಮ್ಮಪ್ಪ ತೀರಿಕೊಂಡ. ಎಡಗಡೆ ಹರಿದುಕೋ. ಅಮ್ಮ.'

"ನಾನು ಹಾಕಿಬರ್ತೀನಮ್ಮ," ಎಂದ ಹೆಶಲ್. "ನೀನು ಹೊಸ್ತಿಲು ದಾಟಬಾರದು."

"ಅವತ್ತೂ ದಾಟ್ಲಿಲ್ಲ," ಎಂದಳು. ದಾಟಿದಳು.

ಹೊರಗೆ ತುಂತುರು ಬಿದ್ದು ನಿಂತಿತ್ತು. ಬಟ್ಟೆಯ ಚಪ್ಪಲಿ ನಾಲ್ಕು ಹೆಜ್ಜೆಗೇ ತೊಯ್ದು ಭಾರವಾಯಿತು. ಎದೆಯ ಬಲಗಡೆ ಹರಿದ ಬಟ್ಟೆ ಗಾಳಿಗೆ ಪಟಪಟ ಬಡಿಯುತ್ತಿತ್ತು, ಹಿಡಿದುಕೊಳ್ಳಲಿಲ್ಲ. ಎದುರು ಬಂದ ಕಟುಕನ ಹೆಂಡತಿ ಸೂತಕದವಳನ್ನು ಬೀದಿಯಲ್ಲಿ ಕಂಡು ಗೋಡೆಗೆ ಸರಿದಳು. ಕೆಂಪು ಡಬ್ಬಿಯ ಬಾಯಿಗೆ ಬ್ರೈನಾ ಲಕೋಟೆ ತೂರಿಸಿದಳು. ಅಂಚೆಚೀಟಿಯ ಮೇಲಿದ್ದ ರಾಜ ಸತ್ತು ವರ್ಷಗಳಾಗಿದ್ದವು. ಅವನ ಮುಖ ಅಂಚಿನಲ್ಲಿ ಒಂದು ಗಳಿಗೆ ಸಿಕ್ಕಿಕೊಂಡಿತು. ಅವಳು ಹೆಬ್ಬೆರಳಿನಿಂದ ಅದನ್ನು ಒಳಗೆ ನೂಕಿದಳು.