ಹಲ್ಲಿಗೊಂದು ವಿಭೂತಿ

ರೊಟ್ಟಿ ಬಡಿಯುತ್ತಿದ್ದೆ. ಮೊದಲನೆಯದನ್ನು ಹಂಚಿಗೆ ಹಾಕಿದ್ದೆನಷ್ಟೇ, ಪಡಸಾಲೆಯಿಂದ ನಮ್ಮ ಮನೆಯವರು ಕೂಗಿದರು.

"ಏ, ಇಲ್ಲಿ ಬಾ! ಈ ಗೇರಿಗೆ ಯಾರು ಕೈ ಹಚ್ಚ್ಯಾರ?"

ಹಿಟ್ಟಿನ ಕೈಯಲ್ಲೇ ಓಡಿದೆ.

ಎಂಬತ್ತೊಂಬತ್ತರ ಜೂನ್ ಅದು. ಜೀಪಿನ ಇಂಜಿನ್ ಬಿಚ್ಚಿ ಪಡಸಾಲೆಯ ತುಂಬ ಹರವಿ ತಿಂಗಳಾಗಿತ್ತು. ಸೋಮವಾರ ಹಾರೂಗೇರಿಯಲ್ಲಿ ಹೈಸ್ಕೂಲು ಶುರು. ನಮ್ಮ ತೋಟದ ಮನೆಯ ಕಡೆ ಬಸ್ಸು ಬರುವುದಿಲ್ಲ. ಮಗಳು ಮಹಾನಂದಾಳನ್ನು ಜೀಪಿನಲ್ಲೇ ಬಿಟ್ಟು ಬರುತ್ತೇನೆಂದು ಇವರು ಒಪ್ಪಿದ್ದರು.

ಇವತ್ತು ಟೈಮಿಂಗ್ ಗೇರುಗಳನ್ನು, ಅಂದರೆ ಇಂಜಿನ್ನಿನೊಳಗಿನ ಎರಡು ಹಲ್ಲಿನ ಚಕ್ರಗಳನ್ನು, ಕೂಡಿಸಬೇಕಿತ್ತು. ಯಾವ ಹಲ್ಲಿಗೆ ಯಾವುದು ಕೂಡಬೇಕೆಂದು ಕಂಪನಿಯವರು ಹಾಕಿದ್ದ ಗುರುತು ಸವೆದಿತ್ತು. ಅದಕ್ಕೆ ಬಿಚ್ಚುವಾಗಲೇ ಇವರು, ಒಂದಕ್ಕೊಂದು ಕೂಡುವ ಹಲ್ಲುಗಳಿಗೆ ಸುಣ್ಣದ ಚುಕ್ಕಿ ಇಟ್ಟಿದ್ದರು. ಒಂದು ಹಲ್ಲು ತಪ್ಪಿದರೂ ವಾಲ್ವು ಪಿಸ್ಟನ್ನಿಗೆ ಬಡಿದು ಇಂಜಿನ್ ಹಾಳು.

ಈಗ ನೋಡಿದರೆ ಹಲ್ಲುಹಲ್ಲಿಗೂ ಬಿಳಿ ಚುಕ್ಕಿ.

"ನಿನ್ನೆ ಅಮಾಸಿ ಇತ್ತಲ್ಲೋ ಮುರಗೆಪ್ಪಾ," ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ. "ಜೀಪಿಗೆ ಪೂಜಿ ಬ್ಯಾಡೇನು? ವಿಭೂತಿ ಹಚ್ಚೀನಿ."

"ಹಲ್ಲಿಗೊಂದು ಯಾಕ ಹಚ್ಚಿದಿಬೇ ಯವ್ವಾ!"

"ಒಂದಕ್ಕ ನೀನ ಹಚ್ಚಿದ್ದಿ. ಉಳದ ಹಲ್ಲು ಏನ್ ಪಾಪ ಮಾಡಿದ್ವು?"

ನಗು ನುಂಗಿಕೊಂಡೆ. ಒರೆಸಿದರೆ ವಿಭೂತಿಯ ಜೊತೆ ಸುಣ್ಣವೂ ಹೋಗುತ್ತಿತ್ತು. ಇವರು ಊದಿದರು, ಉಗುರಿನಿಂದ ಕೆರೆದರು. ಸುಣ್ಣ ಯಾವುದು, ವಿಭೂತಿ ಯಾವುದು ತಿಳಿಯಲೇ ಇಲ್ಲ. ಅಪ್ಪನಿಗೆ ಬ್ಯಾಟರಿಯ ಬೆಳಕು ಹಿಡಿದು ಕೂತಿದ್ದ ಮಹಾನಂದಾ ಏನೋ ಕೇಳಲು ಬಾಯಿ ತೆರೆದಳು.

"ಈಗ ಬ್ಯಾಡ ನನ್ನವ್ವಾ," ಎಂದೆ.

ಸೀದ ವಾಸನೆ ಬಂತು. ಒಳಗೋಡಿ ಕಪ್ಪಾದ ರೊಟ್ಟಿಯನ್ನು ತೆಗೆದೊಗೆದು, ಹಂಚು ಇಳಿಸಿ ಬರುವಷ್ಟರಲ್ಲಿ ಇವರ ಕೈಯಲ್ಲಿದ್ದ ಬೋಲ್ಟು ಬಿಗಿಯುವ ಪಾನಾ ಮೂಲೆಗೆ ಹಾರಿ ಬಿದ್ದಿತ್ತು.

"ನನ್ನಿಂದ ಆಗೂದಿಲ್ಲ. ಅಥಣಿ ಮಿಸ್ತ್ರಿನ್ನ ಕರಸೂದ," ಎಂದು ಇವರು ಕೈ ಒರೆಸಿಕೊಳ್ಳುತ್ತಿದ್ದರು. "ಮುಂದಿನ ವಾರ ನೋಡೂಣು."

ಪಕ್ಕದ ತೋಟದ ಹುಡುಗಿಗೂ ಹೋದ ವರ್ಷ ಅವಳ ಅಪ್ಪ, ಹೈಸ್ಕೂಲಿಗೆ ಮುಂದಿನ ವಾರ ಕಳಿಸುತ್ತೇನೆ ಎಂದೇ ಹೇಳಿದ್ದ. ಅವಳೀಗ ಎಮ್ಮೆ ಕಾಯುತ್ತಾಳೆ. ಮೂಲೆಯ ಪಾನಾ ಎತ್ತಿ ತಂದು ಇವರ ಮುಂದಿಟ್ಟೆ.

ಮಹಾನಂದಾ ಬ್ಯಾಟರಿ ಆರಿಸಿದಳು.

"ಅಪ್ಪಾ, ಜೀಪು ಚಾಲೂ ಆಗಲಿಲ್ಲಂದ್ರ ನಾ ಸಾಲಿಗೆ ಹೋಗೂದ ಇಲ್ಲೇನು?"