ಎರಡನೆಯ ಸಲ ಸುತ್ತಿದ ರತ್ನಗಂಬಳಿ

ಆ ರೋಮ್ ನಗರವನ್ನು ಕಟ್ಟಿಸಿದ್ದು ಬೇರೆ ಯಾರೋ. ದೊಡ್ಡ ಕಂಪನಿಯೊಂದು ತನ್ನ ಗಂಭೀರ ಚಿತ್ರಕ್ಕೆಂದು ಕಂಬಗಳು, ಸಿಂಹಾಸನ, ಈಜಿಪ್ಟಿನ ನರಿಮೋರೆಯ ದೇವರು ಎಲ್ಲವನ್ನೂ ನಿಲ್ಲಿಸಿ, ಆಮೇಲೆ ಬಿಸಿಲಿರುವ ದೇಶ ಹುಡುಕಿಕೊಂಡು ಹೊರಟುಹೋಗಿತ್ತು. ಉಳಿದದ್ದನ್ನು ಈ ನಗೆಚಿತ್ರದವರು ನಾಚಿಕೆಯಿಲ್ಲದೆ ಬಾಚಿಕೊಂಡಿದ್ದರು. 1964ರ ಬೇಸಿಗೆ. ಲಂಡನ್ನಿನ ಪಶ್ಚಿಮಕ್ಕಿದ್ದ ಆ ಸ್ಟುಡಿಯೋದಲ್ಲಿ ಸಾಮ್ರಾಟರೂ ಗುಲಾಮರೂ ಒಂದೇ ಸಾಲಿನಲ್ಲಿ ನಿಂತು ಚಹಾ ಕುಡಿಯುತ್ತಿದ್ದರು.

ಸಾಮ್ರಾಟನ ವೇಷ ಸಿರಿಲ್ ಬ್ಯಾಗ್‌ಷಾನದು. ಅವನಿಗೆ ಬಟ್ಟೆ ತೊಡಿಸುವವಳು ಹಿಲ್ಡಾ ಪ್ರಾಸರ್. ಇಪ್ಪತ್ತೆರಡು ವರ್ಷಗಳಿಂದ ನಾಟಕವಿರಲಿ ಸಿನಿಮಾ ಇರಲಿ, ಅವನ ಗುಂಡಿ ಹಾಕಿದ್ದು ಅವಳೇ. ಅಂದು ಬೆಳಿಗ್ಗೆ ಪಿನ್ನು ಚುಚ್ಚುವಾಗ ಅವನ ಬೆನ್ನು ತಣ್ಣಗೆ ಬೆವರಿದ್ದು ಅವಳ ಕೈಗೆ ಹತ್ತಿತು.

"ಮತ್ತೆ ಎದೆನೋವು ಬಂತಾ?"

"ಸುಮ್ನಿರೇ ಮಹರಾಯ್ತಿ. ಗೋಡೆಗೂ ಕಿವಿ ಇದೆ. ಸಿನಿಮಾಕ್ಕೆ ವಿಮೆ ಕೊಟ್ಟೋರಿಗೆ ನನ್ನ ಕಾಯಿಲೆ ಗೊತ್ತಾದ್ರೆ ನಾಳೆ ಈ ಕಿರೀಟ ಇನ್ಯಾರ ತಲೇಲೋ ಇರುತ್ತೆ."

"ಡಾಕ್ಟ್ರು ನಿನಗೆ ಓಡಾಡಬೇಡ ಅಂದಿದ್ದಾರೆ."

"ಓಡಾಡಲ್ಲ ಕಣೇ. ಹೊತ್ಕೊಂಡು ಹೋಗ್ತಾರೆ."

ಅದೂ ನಿಜವೇ. ಕಾವಲುಗಾರರಿಗೆ ಹೆದರಿ ಸಾಮ್ರಾಟ ರತ್ನಗಂಬಳಿಯೊಳಗೆ ಅಡಗುತ್ತಾನೆ; ಇಬ್ಬರು ದಾಂಡಿಗರು ಸುರುಳಿಯನ್ನು ಹೊತ್ತು ತಂದು ರಾಣಿಯ ಕಾಲ ಬುಡದಲ್ಲಿ ದೊಪ್ಪನೆ ಎಸೆಯುತ್ತಾರೆ. ಹಿಲ್ಡಾಗಿದ್ದ ಧೈರ್ಯ ಒಂದೇ: ನಿರ್ದೇಶಕ ಟೆಂಪರ್ಲಿ ಯಾವ ದೃಶ್ಯವನ್ನೂ ಎರಡು ಸಲ ತೆಗೆಯುವ ಆಸಾಮಿಯಲ್ಲ. ಕಂಬ ಅಲ್ಲಾಡಿದರೂ, ಗುಲಾಮನ ಕೈಯಲ್ಲಿ ಗಡಿಯಾರ ಕಂಡರೂ 'ಮುಂದಿನದು' ಎನ್ನುವವನು. ಹೇಗೋ ಒಂದು ಸಲ ಮುಗಿದುಹೋಗಲಿ ಎಂದು ಅವಳು ದೇವರಿಗೆ ಮೊರೆಯಿಟ್ಟಳು.

ಚಿತ್ರೀಕರಣ ಶುರುವಾಯಿತೆಂದು ಬಾಗಿಲ ಮೇಲೆ ಕೆಂಪು ದೀಪ ಹೊತ್ತಿತು. ಅದು ಉರಿಯುವಾಗ ಕೆಮ್ಮಿದವನ ಕೆಲಸವೂ ಹೋಗಬಹುದು. ನಗು ತಡೆಯಲು ದೀಪದವರು, ಬಡಗಿಗಳು ಎಲ್ಲರೂ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡರು. ಗಂಬಳಿ ಸುತ್ತಿತು, ಮೇಲೆದ್ದಿತು. ಒಳಗಿನಿಂದ ಸಿರಿಲ್‌ನ ದನಿ ಬಂತು. ಬರೆದುಕೊಟ್ಟ ಮಾತಲ್ಲ ಅದು.

"ಬಿಡ್ರೋ! ಉಸಿರು ಕಟ್ತಾ ಇದೆ! ಸತ್ತೇಹೋದೆ ಕಣ್ರೋ!"

ಸುತ್ತಲಿನ ಭುಜಗಳು ನಗುವಿನಿಂದ ಕುಲುಕಿದವು. ಹಿಲ್ಡಾ ಮುಂದೆ ನುಗ್ಗಿ ಕೂಗಿದಳು.

"ನಿಲ್ಸಿ! ಬಿಚ್ಚಿ ಅವನನ್ನ!"

ದಾಂಡಿಗರು ಗಂಬಳಿ ಬಿಚ್ಚಿದರೆ, ಸಿರಿಲ್ ಕಿರೀಟ ಸರಿಮಾಡಿಕೊಳ್ಳುತ್ತಾ ಎದ್ದು ಕೂತ.

"ಯಾರಮ್ಮಾ ನನ್ನ ಸಾವಿಗೆ ಅಡ್ಡ ಬಂದೋಳು? ಜೀವಮಾನದಲ್ಲೇ ಇಷ್ಟು ಚೆನ್ನಾಗಿ ಸತ್ತಿರಲಿಲ್ಲ!"

ಕರವಸ್ತ್ರಗಳು ಹೊರಬಂದವು. ಸ್ಟುಡಿಯೋಕ್ಕೆ ಸ್ಟುಡಿಯೋವೇ ಬಿದ್ದು ಬಿದ್ದು ನಕ್ಕಿತು. ಟೆಂಪರ್ಲಿ ಮಾತ್ರ ನಗಲಿಲ್ಲ. "ಹಾಳಾಯ್ತು. ಇನ್ನೊಂದು ಸಲ," ಎಂದ. ಆ ಮಾತು ಅವನ ಬಾಯಿಂದ ಬಂದದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಹಿಲ್ಡಾ ಪಿನ್ನು ಸರಿಮಾಡಲು ಹೋದಳು. ಬಣ್ಣದ ಕೆಳಗೆ ಅವನ ತುಟಿ ನೀಲಿಗಟ್ಟಿತ್ತು.

"ಸಿರಿಲ್, ಬೇಡ. ನಾನೇ ಹೇಳಿಬಿಡ್ತೀನಿ."

"ಬಾಯಿ ಬಿಟ್ಟೆಯೋ, ನನ್ನ ಹೆಣಾನೂ ನಿನ್ನ ಹತ್ರ ಮಾತಾಡಲ್ಲ." ಈ ಸಲ ಅವನು ನಗಿಸಲಿಲ್ಲ. ಅವನ ಕಣ್ಣಲ್ಲಿದ್ದ ಸಿಟ್ಟು ನೋಡಿ ಅವಳು ಹಿಂದೆ ಸರಿದಳು.

ಮತ್ತೆ ಕೆಂಪು ದೀಪ. ಗಂಬಳಿ ಸುತ್ತಿತು, ಮೇಲೆದ್ದಿತು. ಒಳಗಿನಿಂದ ಪಿಟ್ಟೆಂಬ ಸದ್ದಿಲ್ಲ. ಬರೆದದ್ದಷ್ಟನ್ನೇ ಮಾಡಿ ಸಿರಿಲ್ ಸುಮ್ಮನಿದ್ದದ್ದುಂಟೇ? ಹಿಲ್ಡಾ ಬಾಯಿ ತೆರೆದಳು. ಬಡಗಿಯೊಬ್ಬ ತಿರುಗಿ ನೋಡಿ ಕಣ್ಣು ಮಿಟುಕಿಸಿದ. ಅವಳು ನಾಚಿ, ತನ್ನ ಕೈಯನ್ನೇ ಬಾಯಿಗೆ ಒತ್ತಿಕೊಂಡಳು. ದಾಂಡಿಗರು ನಡೆದು, ಮೆಟ್ಟಿಲೇರಿ, ಸುರುಳಿಯನ್ನು ದೊಪ್ಪನೆ ಎಸೆದರು. ಅದು ಉರುಳುತ್ತಾ ಬಿಚ್ಚಿಕೊಂಡಿತು. ಸಾಮ್ರಾಟ ಅಂಗಾತ ಬಿದ್ದಿದ್ದ. ರಾಣಿ ತನ್ನ ಮಾತು ಹೇಳಿದಳು. ಉತ್ತರಕ್ಕೆ ಕಾದಳು. ಮತ್ತೆ ಹೇಳಿದಳು. ಆಮೇಲೆ ಚೀರಿದಳು.

ಸ್ಟುಡಿಯೋದ ವೈದ್ಯ ಬಂದು ಇಲ್ಲವೆಂದು ತಲೆಯಾಡಿಸಿ ಹೋದ ಮೇಲೆ, ಟೆಂಪರ್ಲಿ ಹಿಲ್ಡಾಳ ಪಕ್ಕ ಮೆಟ್ಟಿಲ ಮೇಲೆ ಕುಸಿದು ಕೂತ.

"ಮೊದಲನೇ ಸಲ ಯಾಕಮ್ಮಾ ಹಾಗೆ ಕೂಗಿದ್ರಿ?"

"ಅವನಿಗೆ ಎದೆ ಸರಿ ಇರಲಿಲ್ಲ ಸರ್. ನನಗೆ ಗೊತ್ತಿತ್ತು."

ಅವನು ಅವಳ ಕಡೆ ತಿರುಗಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಮತ್ತೆ ಎರಡನೇ ಸಲ ಯಾಕೆ ಕೂಗಲಿಲ್ಲ?"